ರೈಲು: ಬಳಸುವ ಮೊದಲು ಓದಿರಿ

ಅಭಿನಂದನೆಗಳು. ವಿಮಾನ ಬಿಟ್ಟು ರೈಲಿನಲ್ಲಿ ಹೋಗುವ ತೀರ್ಮಾನ ಮಾಡಿದ್ದೀರಿ. ಈ ಕೈಪಿಡಿಯನ್ನು ದೇವರ ಹಿಪ್ಪರಗಿಯ ಬಳಕೆದಾರರಿಗೆಂದೇ ಸಿದ್ಧಪಡಿಸಲಾಗಿದೆ. ಸಿಂದಗಿ, ಮುದ್ದೇಬಿಹಾಳದವರು ಇದನ್ನು ಯಾವ ತಿದ್ದುಪಡಿ ಇಲ್ಲದೆ ಬಳಸಬಹುದು, ಯಾಕೆಂದರೆ ಅವರ ಊರಿಗೂ ರೈಲು ಬರುವುದಿಲ್ಲ. ಇಂಡಿ ಮತ್ತು ಬಸವನ ಬಾಗೇವಾಡಿಯವರು ಮಾತ್ರ ತುಸು ಗತ್ತಿನಿಂದ ಓದಬಹುದು. ಅವರ ಊರಿನ ಹೆಸರಿನಲ್ಲಿ ಒಂದೊಂದು ಸ್ಟೇಷನ್ ಇದೆ. ಆ ಗತ್ತು ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಮುಂದೆ ನೋಡೋಣ.

ನಮ್ಮೂರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ವಿಮಾನ ಲೇಸೋ ರೈಲು ಲೇಸೋ ಎಂದು ವಾದ ಮಾಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಬಿಡಲಿಕ್ಕೆ ವಿಮಾನವೂ ಇಲ್ಲ, ಹಿಡಿಯಲಿಕ್ಕೆ ರೈಲೂ ಇಲ್ಲ. ಆದರೂ ವಾದ ನಡೆಯುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಫ್ಲೈಟಿಗೆ ಬಂದ್‌ಬಿಡ್ರಿ, ಒಂದ್ ತಾಸಿನ ದಾರಿ" ಅನ್ನುತ್ತಾನೆ. ಆ ಒಂದು ತಾಸಿನ ಲೆಕ್ಕವನ್ನು ಬಿಡಿಸಿ ತೋರಿಸುವುದಕ್ಕೇ ಈ ಕೈಪಿಡಿ ಹುಟ್ಟಿದೆ.

ಉತ್ಪನ್ನದ ಪರಿಚಯ

ನಿಮ್ಮ ಬಳಕೆಗೆ ಸಿಗುವ ಹಳಿ ಹೋಟಗಿ–ಗದಗ ಮಾರ್ಗದ್ದು. ಹೊಸ ಸರಕಲ್ಲ. 1876ರಿಂದ 78ರ ತನಕ ಈ ಸೀಮೆಯನ್ನು ಹಿಂಡಿದ ಬರದಲ್ಲಿ, ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇಲ್ಲವೆಂಬುದು ಸರ್ಕಾರಕ್ಕೆ ತಡವಾಗಿ ಹೊಳೆಯಿತು. ಮುಂದಿನ ಬರಕ್ಕಾದರೂ ಇರಲಿ ಎಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ನಿಂತಿತು, 1884ರಲ್ಲಿ ಇಲ್ಲಿ ಗಾಡಿ ಓಡಿತು. ಮೊದಲಿಗೆ ಮೀಟರ್ ಗೇಜ್. 2008ರ ಹೊತ್ತಿಗೆ ಇಡೀ ಮಾರ್ಗ ಬ್ರಾಡ್ ಗೇಜ್ ಆಯಿತು. ಜೋಳದ ಚೀಲಕ್ಕೆಂದು ಹಾಕಿದ ಹಳಿಯ ಮೇಲೆ ಇವತ್ತು ಜೋಳದ ರೊಟ್ಟಿಯ ಬುತ್ತಿ ಹೋಗುತ್ತದೆ. ಮೂಲ ಉದ್ದೇಶ ಪೂರ್ತಿ ಕೆಟ್ಟಿಲ್ಲ.

ಈ ಮಾರ್ಗ ನಿಮ್ಮ ಮನೆಯಿಂದ ಪಶ್ಚಿಮಕ್ಕೆ ಹೆಚ್ಚುಕಡಿಮೆ 40 ಕಿ.ಮೀ. ದೂರದಲ್ಲಿದೆ. 140 ವರ್ಷ ದಾಟಿದರೂ ಹಳಿಯಾಗಲಿ ಊರಾಗಲಿ ಒಂದು ಹೆಜ್ಜೆ ಮುಂದೆ ಬಂದಿಲ್ಲ. ಇದು ತಯಾರಿಕಾ ದೋಷ. ಬಳಕೆದಾರರಿಂದ ದುರಸ್ತಿ ಆಗುವಂಥದ್ದಲ್ಲ.

ಪರ್ಯಾಯ ಸಾಧನದೊಂದಿಗೆ ಹೋಲಿಕೆ

ಒಂದು ತಾಸಿನ ದಾರಿ ಎಂದನಲ್ಲ ಮಗ, ಆ ಲೆಕ್ಕ ಹೀಗಿದೆ. ವಿಜಯಪುರದ ಹತ್ತಿರ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಮೊದಲು ಸಣ್ಣ ಎಟಿಆರ್ ವಿಮಾನಕ್ಕೆ ಸಾಕು ಅಂದರು. ಆಮೇಲೆ ಏರ್‌ಬಸ್ ಇಳಿಯುವಷ್ಟು ದೊಡ್ಡದಾಗಲಿ ಅಂದರು. ಉದ್ಘಾಟನೆಯ ಹೊಸ ಹೊಸ ದಿನಾಂಕಗಳನ್ನು ಜಿಲ್ಲೆಯ ಜನ ಪತ್ರಿಕೆಯಲ್ಲಿ ಓದುತ್ತ ಬಂದಿದ್ದೇವೆ. ವಿಮಾನ ಇಳಿಯುವುದಕ್ಕೂ ಮೊದಲೇ ಸುತ್ತಲಿನ ಹೊಲಗಳ ರೇಟು ಮೇಲಕ್ಕೆ ಹಾರಿತು ಎಂದು ಪ್ಲಾಟಿನ ವ್ಯಾಪಾರಿಗಳು ಹೇಳುತ್ತಾರೆ. ಅಷ್ಟರ ಮಟ್ಟಿಗೆ ಹಾರಾಟ ಆಗಿದೆ.

ಇನ್ನು ಕಲಬುರಗಿ. 2019ರ ನವೆಂಬರಿನಲ್ಲಿ ಅಲ್ಲಿ ವಿಮಾನ ಶುರುವಾಯಿತು. ನಮ್ಮೂರಿನಿಂದ ಸಿಂದಗಿ, ಜೇವರ್ಗಿ ದಾಟಿ ಸುಮಾರು 110 ಕಿ.ಮೀ. ಆದರೆ ಅಲ್ಲಿಂದ ಈ ಹಂಗಾಮಿಗೆ ವಿಮಾನ ಇದೆಯೋ ಇಲ್ಲವೋ ಎಂಬುದನ್ನು ಹೊರಡುವ ಮೊದಲು ಗಟ್ಟಿ ಮಾಡಿಕೊಳ್ಳಿರಿ. ಹುಬ್ಬಳ್ಳಿಗೆ ಹೋಗುತ್ತೀರೆಂದರೆ 200 ಕಿ.ಮೀ. ಮೀರುತ್ತದೆ.

ಕಲಬುರಗಿಯಲ್ಲಿ ವಿಮಾನ ಇದೆ ಎಂದೇ ಹಿಡಿಯಿರಿ. ಮನೆಯಿಂದ ಅಲ್ಲಿಗೆ ಬಾಡಿಗೆ ಕಾರಿನಲ್ಲಿ ಎರಡೂವರೆ ತಾಸು. ಎರಡು ತಾಸು ಮೊದಲೇ ಬಂದು ಕೂತಿರಬೇಕು. ಮೇಲೆ ಹಾರುವುದು ಒಂದು ತಾಸಿನ ಆಚೀಚೆ. ಕೆಳಗಿಳಿದ ಮೇಲೆ ಪಟ್ಟಿಯ ಮೇಲೆ ತಿರುಗುತ್ತ ಬರುವ ಚೀಲಗಳಲ್ಲಿ ನಿಮ್ಮದು ಯಾವಾಗ ಬರುತ್ತದೆಂದು ಕಾಯುವುದು ಅರ್ಧ ತಾಸು. ಇಷ್ಟಾದರೂ ನೀವಿನ್ನೂ ಬೆಂಗಳೂರಿಗೆ ಬಂದಿಲ್ಲ, ದೇವನಹಳ್ಳಿಗೆ ಬಂದಿದ್ದೀರಿ. ಮೆಜೆಸ್ಟಿಕ್ಕಿಗೆ ಇನ್ನೂ 35 ಕಿ.ಮೀ. ಆಯಿತು, ಹೆಬ್ಬಾಳದ ಟ್ರಾಫಿಕ್ಕಿಗೆ ನಮಸ್ಕಾರ ಮಾಡಿ ಒಂದೂವರೆ ತಾಸು ಸೇರಿಸಿರಿ. ಒಟ್ಟು ಎಂಟು ತಾಸಿಗೆ ಹತ್ತಿರ, ಅದೂ ಹಾಡಹಗಲಿನ ಎಂಟು ತಾಸು. ಒಂದು ದಿನದ ದಗದ ಹೋಯಿತು.

ರೈಲು ಇದಕ್ಕಿಂತ ಹೆಚ್ಚು ತಾಸು ತೆಗೆದುಕೊಳ್ಳುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಸಂಜೆ ಹೊತ್ತು ವಿಜಯಪುರ ಬಿಟ್ಟು, ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ ಎಂದು ಉದ್ದಾನುದ್ದ ಸುತ್ತಿ ಮುಂಜಾನೆ ಬೆಂಗಳೂರು ಮುಟ್ಟಿಸುತ್ತದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ನೀವು ಮಲಗಿರುತ್ತೀರಿ. ಮನೆಯಲ್ಲಿದ್ದರೂ ಮಲಗುವವರೇ. ಆ ತಾಸುಗಳನ್ನು ಪ್ರಯಾಣದ ಖಾತೆಗೆ ಬರೆಯುವುದು ಯಾವ ನ್ಯಾಯ? ಇಳಿಯುವುದು ಊರ ನಟ್ಟನಡುವೆ. ಸಂಗೊಳ್ಳಿ ರಾಯಣ್ಣ ನಿಲ್ದಾಣದ ಎದುರಿಗೇ ಬಸ್‌ಸ್ಟ್ಯಾಂಡು, ಕಾಲಬುಡಕ್ಕೇ ಮೆಟ್ರೊ. ಮಗ ಹಾಸಿಗೆ ಬಿಟ್ಟು ಏಳುವ ಮೊದಲೇ ಅವನ ಮನೆಯ ಕರೆಗಂಟೆ ಒತ್ತಬಹುದು.

ಚಾಲನೆಗೆ ಮುಂಚಿನ ಸಿದ್ಧತೆ

ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ ಅರ್ಧಕ್ಕಿಳಿಸಿದರು. ಸ್ಟೇಷನ್ ಹುಡುಕುವಾಗ ವಿಜಯಪುರದ ಸಂಕೇತಾಕ್ಷರ ಬಿಜೆಪಿ ಎಂದು ಬಂದರೆ ಯಾವ ಪಕ್ಷದವರೂ ಬೆಚ್ಚಬೇಕಿಲ್ಲ, ಬೀಗಬೇಕಿಲ್ಲ. ಅದು ಬಿಜಾಪುರದ ಕಾಲದ್ದು. ಊರಿನ ಹೆಸರು 2014ರಲ್ಲಿ ಬದಲಾಯಿತು, ಅಕ್ಷರ ಮೂರೂ ಹಾಗೇ ಉಳಿದವು.

60 ದಿನ ಮೊದಲು ನೆನಪಾಗದವರಿಗೆ ತತ್ಕಾಲ್ ಇದೆ. ಹೊರಡುವ ಹಿಂದಿನ ದಿನ ಎಸಿ ಡಬ್ಬಿಗೆ ಮುಂಜಾನೆ 10ಕ್ಕೆ, ಸ್ಲೀಪರಿಗೆ 11ಕ್ಕೆ. 11 ಹೊಡೆಯುವ ಹೊತ್ತಿಗೆ ಮನೆಯ ಎಲ್ಲ ಫೋನುಗಳಿಗೂ ಒಬ್ಬೊಬ್ಬರನ್ನು ಕೂರಿಸಿ ಒಟ್ಟಿಗೆ ಒತ್ತಿಸಬೇಕು. ಯಾರಿಗಾದರೂ ಒಬ್ಬರಿಗೆ ಸಿಗುತ್ತದೆ. ಆ ದಿನವೇ ನಮ್ಮ ಕಡೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ನೆಟ್‌ವರ್ಕೂ ಹೋಗುತ್ತದೆ. ಅದು ಪ್ರಕೃತಿ ನಿಯಮ.

ವೇಟಿಂಗ್ ಲಿಸ್ಟ್ ಬಂದರೆ ಗಾಬರಿ ಬೇಡ. ದಿನಕ್ಕೆ ಎಷ್ಟು ಸಲ ನೋಡಿದರೂ ನಂಬರು ತನ್ನ ವೇಳೆಗೇ ಇಳಿಯುತ್ತದೆ. ಆರ್‌ಎಸಿ ಬಂದರೆ ಅರ್ಧ ಗೆದ್ದ ಹಾಗೆ: ಕಿಟಕಿ ಪಕ್ಕದ ಕೆಳಗಿನ ಒಂದು ಸೀಟಿನಲ್ಲಿ ಇಬ್ಬರು. ಅವರ ಕಾಲು ನಿಮ್ಮ ಕಡೆ, ನಿಮ್ಮ ಕಾಲು ಅವರ ಕಡೆ. ರಾತ್ರಿ ಎರಡರ ಹೊತ್ತಿಗೆ ಯಾರ ಕಾಲು ಯಾರದು ಎಂಬುದು ತಿಳಿಯುವುದಿಲ್ಲ. ವಿಮಾನದಲ್ಲಿ ಎಷ್ಟು ರೊಕ್ಕ ಕೊಟ್ಟರೂ ಈ ಸಲಿಗೆ ಸಿಗಲಾರದು.

ಸಾಮಾನು

ಇಲ್ಲಿ ಸಾವಧಾನವಾಗಿ ಓದಿರಿ, ರೈಲಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ.

ನಮ್ಮೂರು ಮಡಿವಾಳ ಮಾಚಿದೇವರು ಹುಟ್ಟಿದ ಊರು. 12ನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ನಡೆದು ಹೋದವರು, ಶರಣರ ಬಟ್ಟೆ ಒಗೆದು ಮಡಿ ಮಾಡಿ ಹೊತ್ತವರು. ಆ ಗಂಟನ್ನು ದಾರಿಯಲ್ಲಿ ಯಾರೂ ಮುಟ್ಟಬಾರದೆಂದು ಗಂಟೆ ಬಾರಿಸುತ್ತ, ಕೈಯಲ್ಲಿ ಖಡ್ಗ ಹಿಡಿದು ನಡೆಯುತ್ತಿದ್ದರೆಂದು ಐತಿಹ್ಯ. ತನ್ನ ಗಂಟನ್ನು ಪರರು ಬಿಚ್ಚಿ ನೋಡುವುದನ್ನು ಸಹಿಸದ ಸ್ವಭಾವ ಅಂದಿನಿಂದ ಈ ಊರಿನ ನೀರಿನಲ್ಲೇ ಇದೆ ಎಂದು ನನ್ನ ಅಂದಾಜು. ಅಂಥ ಊರಿನವರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಗಂಟು ಬಿಚ್ಚಿಸುತ್ತಾರೆ, ಬೆಲ್ಟು ಬಿಚ್ಚಿಸುತ್ತಾರೆ, ಕೈ ಮೇಲೆತ್ತಿಸುತ್ತಾರೆ. ಖಡ್ಗದ ಮಾತು ಬಿಡಿ, ಉಳ್ಳಾಗಡ್ಡಿ ಹೆಚ್ಚುವ ಚಾಕುವನ್ನೂ ಒಳಗೆ ಬಿಡುವುದಿಲ್ಲ.

ವಿಮಾನದಲ್ಲಿ ಸಾಮಾನ್ಯವಾಗಿ ಕೈಚೀಲ 7 ಕಿಲೊ, ಹೊಟ್ಟೆಗೆ ಹಾಕುವ ಚೀಲ 15 ಕಿಲೊ. ಖಾರಪುಡಿ ಕೈಚೀಲದಲ್ಲಿ ಒಯ್ಯಕೂಡದು. ಒಣಕೊಬ್ಬರಿಯಲ್ಲಿ ಎಣ್ಣೆ ಇದೆ, ಬೆಂಕಿ ಹೊತ್ತೀತು ಎಂದು ಅದಕ್ಕೂ ನಿರ್ಬಂಧ. ಖಾರ ಇಲ್ಲದೆ, ಕೊಬ್ಬರಿ ಇಲ್ಲದೆ ಬೆಂಗಳೂರಿನಲ್ಲಿ ಬಾಣಂತಿಯಾದ ಮಗಳ ಮನೆಗೆ ಹೋಗುವ ತಾಯಿ ಏನನ್ನು ಒಯ್ಯಬೇಕು? ಬಾಣಂತಿಯ ಅಂಟಿನುಂಡಿಗೆ ಒಣಕೊಬ್ಬರಿ ಬೇಡವೇ? ಈ ಪ್ರಶ್ನೆಯನ್ನು ವಿಮಾನಯಾನದವರು ಯಾರೂ ಕೇಳಿಕೊಂಡಂತಿಲ್ಲ.

ರೈಲಿನ ಸ್ಲೀಪರಿನಲ್ಲಿ ಒಬ್ಬರಿಗೆ 40 ಕಿಲೊ ಪುಕ್ಕಟೆ. ಜನರಲ್ಲಿನಲ್ಲಿ 35. ಅದನ್ನು ತೂಗಿ ನೋಡಿದವರನ್ನು ನಾನಂತೂ ಕಂಡಿಲ್ಲ. ನಲವತ್ತು ಕಿಲೊದಲ್ಲಿ ಹೀಗೆ ಜೋಡಿಸಬಹುದು: ತಳದಲ್ಲಿ ಬಿಳಿ ಜೋಳದ ಹಿಟ್ಟು, ಅದರ ಮೇಲೆ ತೊಗರಿಬೇಳೆ, ಸಂದಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿಯ ಡಬ್ಬಿಗಳು. ಕಟಕ ರೊಟ್ಟಿಯನ್ನು ಮಾತ್ರ ಯಾವುದರ ಕೆಳಗೂ ಇಡಬಾರದು. ಅದನ್ನು ಹಳೆಯ ಪಂಜೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಬೇಕು. ಕೂಸನ್ನು ಬೇಕಾದರೆ ಪಕ್ಕದವರ ಕೈಗೆ ಕೊಡಬಹುದು, ರೊಟ್ಟಿ ಡಬ್ಬಿಯನ್ನಲ್ಲ.

ದಾರಿಯಲ್ಲಿ ತಿನ್ನುವ ಬುತ್ತಿ ಬೇರೆಯೇ ಇರಬೇಕು. ಮೆತ್ತನ್ನ ರೊಟ್ಟಿ, ಎಣ್ಣೆಗಾಯಿ, ಒಂದಿಷ್ಟು ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಎಷ್ಟು ಜನ ಹೋಗುತ್ತೀರೋ ಅದಕ್ಕಿಂತ ಮೂರು ಜನಕ್ಕೆ ಹೆಚ್ಚು ಕಟ್ಟಿರಿ. ಕಾರಣ ಮುಂದೆ ಹೇಳುತ್ತೇನೆ.

ಸ್ಟೇಷನ್ ತಲುಪುವ ಕ್ರಮ

ವಿಜಯಪುರದ ಬಸ್ ಹತ್ತಿರಿ. ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಒಂದು ತಾಸು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ, ಆಧಾರ್ ಕಾರ್ಡು ಜಂಪರಿನಲ್ಲಿ ಸಿದ್ಧವಿರಲಿ. ವಿಮಾನಕ್ಕೆ ಎರಡು ತಾಸು ಮೊದಲು ಹೋಗಬೇಕೆಂದು ಮೇಲೆ ಹಂಗಿಸಿದೆನಲ್ಲ, ನಮ್ಮ ಹಿರಿಯರು ರೈಲಿಗೆ ಮೂರು ತಾಸು ಮೊದಲು ಹೋಗುತ್ತಾರೆ. ಆದರೆ ಅದು ಅವರ ಸ್ವಂತ ಇಚ್ಛೆ, ಯಾರ ಹುಕುಮೂ ಅಲ್ಲ. ಹೊತ್ತು ಉಳಿದರೆ ಗೋಳಗುಮ್ಮಟ ಹತ್ತಿರದಲ್ಲೇ ಇದೆ. 1656ರಲ್ಲಿ ತೀರಿದ ಮಹಮ್ಮದ್ ಆದಿಲ್‌ಶಾಹ ಅದರ ಕೆಳಗೆ ಮಲಗಿದ್ದಾನೆ, ಮೇಲೆ ಶಾಲೆಯ ಹುಡುಗರು ಕೂಗಿ ಕೂಗಿ ತಮ್ಮ ದನಿಯನ್ನೇ ವಾಪಸು ಕೇಳುತ್ತಿರುತ್ತಾರೆ. ಹೋಗುವ ಮನಸ್ಸಿಲ್ಲದಿದ್ದರೆ ಬಿಡಿರಿ, ಗಾಡಿಯಿಂದಲೂ ಕಾಣುತ್ತದೆ.

ಈಗ ಇಂಡಿ ಮತ್ತು ಬಾಗೇವಾಡಿಯವರ ಗತ್ತಿಗೆ ಬರೋಣ. ಅವರ ಸ್ಟೇಷನ್ನುಗಳ ಪೂರ್ಣ ಹೆಸರು ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೈಲ್ವೆಯವರು ಹೆಸರಿನ ಕೊನೆಗೆ ರೋಡ್ ಸೇರಿಸಿದರೆ, ಇಲ್ಲಿ ಇಳಿದು ರೋಡ್ ಹಿಡಿಯಿರಿ, ಊರು ಇನ್ನೂ ಮುಂದಿದೆ ಎಂದು ತಿಳಿಯಬೇಕು. ಬಾಗೇವಾಡಿಯವರ ಸ್ಟೇಷನ್ ಇರುವುದು ತೆಲಗಿಯಲ್ಲಿ. ರಾತ್ರಿ ಹೊತ್ತು ಇಳಿದವರಿಗೆ ಟಂಟಂ ಸಿಗುವ ತನಕ ಬಸವಣ್ಣನೇ ಗತಿ. ಕೂಡಲಸಂಗಮ ರೋಡ್, ಗಾಣಗಾಪುರ ರೋಡ್, ಅಕ್ಕಲಕೋಟ ರೋಡ್ ಇವೂ ಇದೇ ಜಾತಿಯವು. ದೇವರಿದ್ದ ಕಡೆ ರೈಲು ತುಸು ದೂರವೇ ನಿಲ್ಲುತ್ತದೆ.

ನಿಂಬಾಳ ಮಾತ್ರ ಇದಕ್ಕೆ ಹೊರತು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿ ಕುಲಪತಿಯೂ ಆಗಿದ್ದ ಗುರುದೇವ ರಾನಡೆಯವರು ನೆಲೆಸಿದ ಆಶ್ರಮ ಅಲ್ಲಿ ಸ್ಟೇಷನ್ನಿನ ಹತ್ತಿರವೇ ಇದೆ. 1957ರಲ್ಲಿ ಅಲ್ಲೇ ದೇಹ ಬಿಟ್ಟರು. ದೊಡ್ಡ ಊರು ಬಿಟ್ಟು ಕುರುಚಲು ಬೆಳೆದ ಬಯಲಿನ ಸಣ್ಣ ಸ್ಟೇಷನ್ ಮಗ್ಗುಲಲ್ಲಿ ನೆಲೆ ನಿಂತ ಆ ತತ್ವಜ್ಞಾನಿಯ ಲೆಕ್ಕಾಚಾರ ನನಗೆ ಪೂರ್ತಿ ಒಪ್ಪಿಗೆ.

ಸಾಧನವನ್ನು ಚಾಲೂ ಮಾಡುವುದು

ಗಾಡಿ ಹತ್ತಿ ನಿಮ್ಮ ಸೀಟಿಗೆ ಬಂದಾಗ ಅಲ್ಲಿ ಬೇರೆ ಯಾರಾದರೂ ಕೂತಿರುತ್ತಾರೆ. ಇದನ್ನು ದೋಷವೆಂದು ತಿಳಿಯಬೇಡಿರಿ. ಟಿಕೆಟ್ ತೋರಿಸುವ ಗಡಿಬಿಡಿಯೂ ಬೇಡ. ಮೊದಲು ಚೀಲಗಳನ್ನು ಸೀಟಿನ ಕೆಳಗೆ ದಬ್ಬಿ, ಬೆವರು ಒರೆಸಿಕೊಂಡು ನಿಲ್ಲಿರಿ. ಅವರೇ ಕೇಳುತ್ತಾರೆ.

"ಬರ್ರಿ, ಕೂಡ್ರಿ. ಎಲ್ಲಿತನ ಹೊಂಟೀರಿ?"

"ಬೆಂಗಳೂರಿಗ್ರೀ."

"ಯಾವೂರ್ರಿ ನಿಮ್ಮದು?"

"ದೇವರ ಹಿಪ್ಪರಗಿ."

"ಹೌದಾ! ಯಾರ ಪೈಕಿ?"

ಈ ಮೂರನೆಯ ಪ್ರಶ್ನೆಯೇ ಸ್ವಿಚ್ಚು. ಇಲ್ಲಿಂದ ಯಂತ್ರ ತಾನೇ ಓಡುತ್ತದೆ. ಅವರು ಕೋರವಾರಕ್ಕೆ ಅಕ್ಕನನ್ನು ಕೊಟ್ಟಿರುತ್ತಾರೆ, ಅಥವಾ ಮುಳಸಾವಳಗಿಯಿಂದ ಸೊಸೆಯನ್ನು ತಂದಿರುತ್ತಾರೆ. ಜುಮನಾಳ ದಾಟುವಷ್ಟರಲ್ಲಿ ನೀವು ಅವರಿಗೆ ಕಾಕಾ ಆಗಿರುತ್ತೀರಿ, ಅವರ ಹೆಂಡತಿ ನಿಮಗೆ ವೈನಿ ಆಗಿರುತ್ತಾರೆ. ಸೀಟು ಯಾರದು ಎಂಬ ವಿಷಯ ಆಮೇಲೆ ಏಳುವುದೇ ಇಲ್ಲ. ವಿಮಾನದಲ್ಲಿ ಪಕ್ಕದವರನ್ನು "ಯಾರ ಪೈಕಿ" ಎಂದು ಕೇಳಿ ನೋಡಿರಿ. ಕಿವಿಯಲ್ಲಿನ ಬಿಳಿ ಬತ್ತಿ ತೆಗೆದು, "ಸಾರಿ?" ಎಂದು, ಮತ್ತೆ ಹಾಕಿಕೊಳ್ಳುತ್ತಾರೆ.

ಗೋಳಗುಮ್ಮಟ ಎಕ್ಸ್‌ಪ್ರೆಸ್ ಈಗ ಪಂಢರಪುರದಿಂದ ಬರುತ್ತದೆ. ಹಾಗಾಗಿ ಡಬ್ಬಿಯಲ್ಲಿ ಒಬ್ಬಿಬ್ಬರು ತುಳಸಿಮಾಲೆಯವರು, ಹಣೆಗೆ ಬುಕ್ಕ ಹಚ್ಚಿದವರು ಇರುತ್ತಾರೆ. ಅವರು ವಿಠ್ಠಲನ ಪ್ರಸಾದವೆಂದು ಚುರುಮುರಿ, ಸಕ್ಕರೆ ಫುಟಾಣಿ ಕೈಗೆ ಹಾಕಿದರೆ ಎರಡೂ ಕೈಯೊಡ್ಡಿ ಇಸಿದುಕೊಳ್ಳಬೇಕು. ಪ್ರತಿಯಾಗಿ ನಿಮ್ಮ ಬುತ್ತಿ ಬಿಚ್ಚಬೇಕು. ಮೂರು ಜನಕ್ಕೆ ಹೆಚ್ಚು ಕಟ್ಟಿರಿ ಎಂದದ್ದು ಇದಕ್ಕೆ. ಪೇಪರಿನ ಮೇಲೆ ರೊಟ್ಟಿ ಹರಡಿದ ಕೂಡಲೇ ಎದುರಿನವರು, "ಬ್ಯಾಡ್ರಿ, ಈಗರ ಉಂಡ್ ಬಂದೀವಿ" ಅನ್ನುತ್ತಾರೆ. ಎರಡನೆಯ ಸಲ ಕರೆಯಬೇಕು. "ಒಂದ್ ಅರ್ಧಾ ಕೊಡ್ರಿ ಹಂಗಾರ" ಅನ್ನುತ್ತಾರೆ. ಮೂರನೆಯ ಸಲ ಕರೆಯುವ ಅಗತ್ಯ ಇಲ್ಲ, ಅವರೇ ತಮ್ಮ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ನಿಮ್ಮ ಪೇಪರಿನ ಮೇಲಿಟ್ಟಿರುತ್ತಾರೆ. ಮೊಸರಿನ ಡಬ್ಬಿಯ ಮುಚ್ಚಳ ತೆಗೆಯುವಾಗ ಮಾತ್ರ ಗಾಡಿ ಕುಲುಕದ ಹೊತ್ತು ನೋಡಿರಿ. ಆ ಹೊತ್ತು ಸಿಗುವುದಿಲ್ಲ. ಆದ್ದರಿಂದ ಒಬ್ಬರು ಡಬ್ಬಿ ಹಿಡಿಯಬೇಕು, ಇನ್ನೊಬ್ಬರು ಮುಚ್ಚಳ, ಮೂರನೆಯವರು ಕೆಳಗೆ ಕೂತ ಹುಡುಗನ ತಲೆ.

ಆಲಮಟ್ಟಿ ಬಂತೆಂದು ಡಬ್ಬಿಗೆ ತಾನೇ ಗೊತ್ತಾಗುತ್ತದೆ. ಅದುವರೆಗೆ ಗದ್ದಲ ಹಾಕುತ್ತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಚಿಲ್ಲರೆ ಹುಡುಕತೊಡಗುತ್ತಾರೆ. ಸೇತುವೆಯ ಮೇಲೆ ಗಾಡಿಯ ದನಿ ಬದಲಾಗುತ್ತದೆ. ಕಬ್ಬಿಣದ ಸಂದಿಗಳಲ್ಲಿ ಕೃಷ್ಣೆ ತುಂಡುತುಂಡಾಗಿ ಕಾಣುತ್ತಾಳೆ. ಮಳೆಗಾಲವಾದರೆ ಕೆಂಪು ನೀರು ದಡದಿಂದ ದಡಕ್ಕೆ, ಬೇಸಿಗೆಯಾದರೆ ಹಿನ್ನೀರು ಸರಿದು ಬಿರಿದ ಕೆಸರು. ಕಿಟಕಿಯ ಸರಳಿನ ನಡುವೆ ಕೈ ಹಾಕಿ ರೂಪಾಯಿ ಒಗೆದು, ಒಗೆದ ಕೈಯನ್ನೇ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮುಳುಗಡೆಯಲ್ಲಿ ಹೊಲ ಕಳೆದುಕೊಂಡ ಮುದುಕರು ಇದ್ದರೆ ರೂಪಾಯಿ ಒಗೆಯುವುದಿಲ್ಲ. "ನಮ್ಮ ಹೊಲಾನ ಕೊಟ್ಟೀವಿ, ಇನ್ನೇನ್ ಕೊಡೂದು" ಎಂದು ಆ ಕಡೆ ನೋಡುತ್ತ ಕೂತಿರುತ್ತಾರೆ. ಇದೇ ಹೊಳೆಯನ್ನು ವಿಮಾನ ಅರೆ ನಿಮಿಷದಲ್ಲಿ ದಾಟುತ್ತದೆ. ಮೇಲಿನಿಂದ ಅದು ಕೃಷ್ಣೆಯೋ ಭೀಮೆಯೋ ಡೋಣಿಯೋ ಹೇಳುವವರು ಯಾರೂ ಇಲ್ಲ.

ರಾತ್ರಿ 10ಕ್ಕೆ ನಡುವಿನ ಬರ್ತ್ ಎತ್ತಿ ಸರಪಳಿಗೆ ಸಿಗಿಸಿರಿ. ನಿಯಮದ ಪ್ರಕಾರ ಮುಂಜಾನೆ 6ರ ತನಕ ಅದು ಮಲಗುವ ಜಾಗ, ಆಮೇಲೆ ಎಲ್ಲರೂ ಬೆನ್ನು ಆನಿಸುವ ಜಾಗ. ಚಪ್ಪಲಿಯನ್ನು ಒಂದಿಷ್ಟು ಒಳಗೆ ಸರಿಸಿಡಿ. ಚೀಲಕ್ಕೆ ಸರಪಳಿ, ಕೀಲಿ ಇರಲಿ. ಪೈಕಿ ಕೇಳದವರೂ ಡಬ್ಬಿಯಲ್ಲಿ ಓಡಾಡುತ್ತಿರುತ್ತಾರೆ.

ಎಚ್ಚರಿಕೆಗಳು

ಸರಪಳಿ ಎಳೆಯಬೇಡಿರಿ. ಕಾರಣವಿಲ್ಲದೆ ಎಳೆದರೆ 1989ರ ರೈಲ್ವೆ ಕಾಯ್ದೆಯ 141ನೆಯ ಕಲಮಿನ ಪ್ರಕಾರ ಒಂದು ವರ್ಷದ ತನಕ ಜೈಲು, ಅಥವಾ ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಬೀಗರಿಗೆ ಟಾಟಾ ಮಾಡುತ್ತ ಪ್ಲಾಟ್‌ಫಾರ್ಮಿನಲ್ಲಿ ಉಳಿದ ಮಾವನವರು ಕಾರಣದ ಪಟ್ಟಿಯಲ್ಲಿ ಬರುವುದಿಲ್ಲ.

ಪಾಯಖಾನೆಯ ವಿಷಯದಲ್ಲಿ ಈ ಕೈಪಿಡಿ ವಿಮಾನದ ಪರ. ಹುಬ್ಬಳ್ಳಿ ದಾಟುವ ಮೊದಲು ಕೆಲಸ ಮುಗಿಸಿರಿ. ಮುಂಜಾನೆ ಅರಸೀಕೆರೆಯ ಸುಮಾರಿಗೆ ನೀರು ಇರುತ್ತದೆಂದು ಯಾರ ಮಾತನ್ನೂ ನಂಬಬೇಡಿರಿ. ಇದರ ಬಗ್ಗೆ ಹೊಗಳಿ ಬರೆಯುವ ರೈಲುಪ್ರೇಮಿಗಳನ್ನು ಒಮ್ಮೆ ಸ್ಲೀಪರಿನ ಕೊನೆಯ ಸೀಟಿನಲ್ಲಿ ಮಲಗಿಸಬೇಕು.

ಬಸವ ಎಕ್ಸ್‌ಪ್ರೆಸ್ ಹತ್ತುವವರಿಗೆ ಪ್ರತ್ಯೇಕ ಸೂಚನೆ. ಮೈಸೂರು–ಬಾಗಲಕೋಟೆ ಎಂದು ಹೆಸರು ನೋಡಿ ಕರ್ನಾಟಕದ ಒಳಗೇ ಹೋಗುತ್ತದೆಂದು ಮೋಸ ಹೋಗಬೇಡಿರಿ. ಬೆಂಗಳೂರು ಬಿಟ್ಟು ಆಂಧ್ರಕ್ಕೆ ಹೊಕ್ಕು, ಅನಂತಪುರ, ಗುಂತಕಲ್ಲು ನೋಡಿಕೊಂಡು, ರಾಯಚೂರಿನಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ವಾಡಿ, ಕಲಬುರಗಿ ದಾಟಿ, ಮಹಾರಾಷ್ಟ್ರದ ಸೋಲಾಪುರ ಸೀಮೆಗೆ ಹೋಗಿ, ಅಲ್ಲಿಂದ ತಿರುಗಿ ಇಂಡಿ ರೋಡಿನ ಮೇಲೆ ಮೂರನೆಯ ಸಲ ಕರ್ನಾಟಕ ಸೇರುತ್ತದೆ. ಕಲಬುರಗಿಯಿಂದ ವಿಜಯಪುರಕ್ಕೆ ನೇರ ಹಳಿ ಇದ್ದಿದ್ದರೆ ಈ ಪ್ರದಕ್ಷಿಣೆ ಬೇಕಿರಲಿಲ್ಲ. ಆ ನೇರ ಗೆರೆಯನ್ನು ನಕ್ಷೆಯ ಮೇಲೆ ಎಳೆದು ನೋಡಿರಿ, ನಿಮ್ಮ ಮನೆಯ ಹಿತ್ತಿಲಲ್ಲೇ ಹಾಯುತ್ತದೆ.

ಪರಿಸರ ಸಂಬಂಧಿ ಸೂಚನೆ

ವಿಮಾನ ಬಿಟ್ಟು ರೈಲು ಹತ್ತುವುದರಿಂದ ಭೂಮಿಗೆ ಒಳ್ಳೆಯದು ಎಂಬುದು ನಿಜ. ಅಷ್ಟೇ ದೂರಕ್ಕೆ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಹೊಗೆ ರೈಲಿನಲ್ಲಿ ಬಹಳ ಕಡಿಮೆ. ಫ್ರಾನ್ಸಿನವರು 2023ರಲ್ಲಿ, ರೈಲಿನಲ್ಲಿ ಎರಡೂವರೆ ತಾಸಿನೊಳಗೆ ಮುಟ್ಟಬಹುದಾದ ಊರುಗಳ ನಡುವಿನ ದೇಶದೊಳಗಿನ ಕೆಲವು ವಿಮಾನಗಳನ್ನೇ ನಿಲ್ಲಿಸಿದರು. ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಲಿಯೋನಿಗೆ ಹಾರುವುದು ನಿಂತಿತು. ಅಲ್ಲಿ ಪರ್ಯಾಯ ಎಂದರೆ ತಾಸಿಗೆ 300 ಕಿ.ಮೀ. ಓಡುವ ಗಾಡಿ. ನಮ್ಮಲ್ಲಿ ಎರಡೂವರೆ ತಾಸಿನಲ್ಲಿ ವಿಜಯಪುರ ಮುಟ್ಟಿ, ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಕೂತು, ಎರಡನೆಯ ಚಹಾ ಕುಡಿಯುತ್ತಿರುತ್ತೇವೆ.

ಆದರೆ ನಮ್ಮ ಸಾಚಾತನ ಪೂರ್ತಿ ಸಾಚಾ ಅಲ್ಲ. ವಿಜಯಪುರ ಬಿಟ್ಟ ಮೇಲೆ ಕಿಟಕಿಯಲ್ಲಿ ಕೂಡಗಿಯ ಚಿಮಣಿಗಳು ಕಾಣುತ್ತವೆ. ಎನ್‌ಟಿಪಿಸಿಯ 2400 ಮೆಗಾವಾಟಿನ ಸ್ಥಾವರ, ಸುಡುವುದು ಕಲ್ಲಿದ್ದಲು. ತಂತಿಯಲ್ಲಿ ಹರಿಯುವ ಕರೆಂಟು ಇಂಥ ಕಡೆಯಿಂದಲೇ ಬರುವಂಥದ್ದು. ಹೋಟಗಿಯಿಂದ ಕೂಡಗಿಯ ತನಕ ಜೋಡಿ ಹಳಿ ಬಿದ್ದದ್ದೂ ಕಲ್ಲಿದ್ದಲ ವ್ಯಾಗನ್ನುಗಳಿಗೆ ದಾರಿಯಾಗಲೆಂದು. ನಾವು ವರ್ಷಗಟ್ಟಲೆ ಬೇಡಿದಾಗ ಸಿಗದ ಎರಡನೆಯ ಹಳಿ ಕಲ್ಲಿದ್ದಲು ಕೇಳಿದಾಗ ಸಿಕ್ಕಿತು. ಆದರೂ ಅದರ ಮೇಲೆ ನಮ್ಮ ಗಾಡಿಯೂ ಓಡುತ್ತದೆ, ಕ್ರಾಸಿಂಗ್ ಕಾಯುವುದು ತಪ್ಪುತ್ತದೆ. ಕಲ್ಲಿದ್ದಲಿಗೆ ಒಂದು ಥ್ಯಾಂಕ್ಸ್ ಹೇಳಿ ಮುಂದಕ್ಕೆ ಹೋಗೋಣ.

ಈ ಕೈಪಿಡಿ ಅನ್ವಯಿಸದವರು

ವಿಜಯಪುರದಿಂದ ಮಂಗಳೂರಿಗೆ ಹೋಗುವ ಗಾಡಿಯ ಜನರಲ್ ಡಬ್ಬಿಯನ್ನು ಸುಗ್ಗಿ ಮುಗಿದ ಮೇಲೆ ಒಮ್ಮೆ ನೋಡಿರಿ. ಸಿಂದಗಿ, ಇಂಡಿ, ಹಿಪ್ಪರಗಿಯ ತಾಂಡಾಗಳಿಂದ, ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆ ಹೊರಟವರು. ಗಂಡ, ಹೆಂಡತಿ, ಎರಡು ಕೂಸು, ಒಂದು ಗ್ಯಾಸಿನ ಒಲೆ, ಒಂದು ಪ್ಲಾಸ್ಟಿಕ್ ಕೊಡ, ಆ ಕೊಡದೊಳಗೆ ಪಾತ್ರೆ. ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ ಮುದುಕಿಯ ತೊಡೆಯ ಮೇಲೆ ಹಿಟ್ಟಿನ ಚೀಲ. ಅವರ ಮುಂದೆ ಹೋಗಿ ವಿಮಾನಕ್ಕೆ ಪರ್ಯಾಯವಾಗಿ ರೈಲಿನ ಆಕರ್ಷಣೆ ಎಂದು ಭಾಷಣ ಮಾಡಿದರೆ ನಕ್ಕಾರು. ಅವರು ಏನನ್ನೂ ಆರಿಸಿಕೊಂಡವರಲ್ಲ. ಅವರ ಕೈಗೆಟಕುವುದು ಇದೊಂದೇ.

ರೈಲಿನ ಬಗ್ಗೆ ಮೆಚ್ಚಿ ಬರೆಯುವವರೆಲ್ಲ, ನನ್ನನ್ನೂ ಸೇರಿಸಿ, ಸ್ಲೀಪರಿನ ಕಿಟಕಿಯಲ್ಲಿ ಕೂತು ಬರೆದವರು. ಜನರಲ್ಲಿನಲ್ಲಿ ಕೈ ಆಡಿಸಿ ಪೆನ್ನು ತೆಗೆಯುವಷ್ಟು ಜಾಗ ಇರುವುದಿಲ್ಲ. ಆ ಡಬ್ಬಿಗಳನ್ನು ಹೆಚ್ಚು ಮಾಡಿದರೆ, ಬುರಣಾಪುರದಲ್ಲಿ ಯಾವ ಏರ್‌ಬಸ್ ಇಳಿಯದಿದ್ದರೂ ಜಿಲ್ಲೆಯ ಹೆಚ್ಚಿನ ಜನಕ್ಕೆ ಏನೂ ಕೊರತೆ ಆಗುವುದಿಲ್ಲ. ಇದನ್ನು ನಗೆಮಾತಿಗೆ ಹೇಳುತ್ತಿಲ್ಲ.

ದೋಷ ಮತ್ತು ಪರಿಹಾರ

ಗಾಡಿ ತಡವಾದರೆ: ಬುತ್ತಿಯಲ್ಲಿ ಉಳಿದದ್ದನ್ನು ನೋಡಿರಿ.

ಪಕ್ಕದವರು ರಾತ್ರಿಯಿಡೀ ಗೊರಕೆ ಹೊಡೆದರೆ: ಈಗ ಅವರು ನಿಮ್ಮ ಬೀಗರ ಪೈಕಿ, ಏನೂ ಅನ್ನುವಂತಿಲ್ಲ.

ಮಗ, "ನಾನ ಫ್ಲೈಟ್ ಟಿಕೆಟ್ ತಗಸ್ತೀನಿ, ರೊಕ್ಕದ ಚಿಂತಿ ಬಿಡ್ರಿ" ಎಂದರೆ: ಒಣಕೊಬ್ಬರಿಯ ವಿಷಯ ಕೇಳಿರಿ.

ಖಾತರಿ

ಈ ಸಾಧನಕ್ಕೆ ಯಾವ ಖಾತರಿಯೂ ಇಲ್ಲ. ವಿಜಯಪುರದಿಂದ ದೇವರ ಹಿಪ್ಪರಗಿ, ಸಿಂದಗಿ, ಜೇವರ್ಗಿ ಮೇಲೆ ಶಹಾಬಾದಿಗೆ ಹಳಿ ಹಾಕಿರಿ ಎಂಬ ಬೇಡಿಕೆ ಹಳೆಯದು. ಆಲಮಟ್ಟಿಯಿಂದ ಮುದ್ದೇಬಿಹಾಳ, ಹುಣಸಗಿ, ಸುರಪುರ ಮೇಲೆ ಯಾದಗಿರಿಗೆ ಎಂಬ ಬೇಡಿಕೆಯೂ ಹಳೆಯದೇ. ಎರಡೂ ಚುನಾವಣೆ ಬಂದಾಗ ಎದ್ದು ಕೂಡುತ್ತವೆ, ಮುಗಿದ ಮೇಲೆ ಮಲಗುತ್ತವೆ. ಮುಂದಿನ ಸಲ ಮತ ಕೇಳಲು ಬಂದವರು ವಿಮಾನ ನಿಲ್ದಾಣದ ಮಾತು ತೆಗೆದರೆ ಅವರಿಗೆ ಚಹಾ ಕೊಟ್ಟು, ಶಹಾಬಾದ್ ಮಾರ್ಗ ಎಲ್ಲಿಗೆ ಬಂತು ಎಂದು ಕೇಳಿರಿ. ಚಹಾ ಮುಗಿಯುವ ತನಕ ಉತ್ತರಕ್ಕೆ ಕಾಯಿರಿ.

ಅಲ್ಲಿಯವರೆಗೆ ಒಂದು ಕೆಲಸ ತಪ್ಪದೆ ಮಾಡಿರಿ. ದಸರೆಯ ಹೊತ್ತಿಗೆ ರಾವುತರಾಯ ಮಲ್ಲಯ್ಯನ ಜಾತ್ರೆಗೆ ಬೆಂಗಳೂರಿನಿಂದ ಊರಿಗೆ ಬರುವವರು 60 ದಿನ ಹಿಂದಕ್ಕೆ ಎಣಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಮುಂಜಾನೆಯೇ ಟಿಕೆಟ್ ತೆಗೆಯಿರಿ. ತಿರುಗಿ ಹೋಗುವ ಟಿಕೆಟ್ ತೆರೆಯುವುದು ಕೆಲವು ದಿನ ತಡವಾಗಿ, ಅದನ್ನು ಮರೆಯುವವರೇ ಹೆಚ್ಚು.